ಮಾಲೀಕರ ಧಾರ್ಮಿಕ ನಿಲುವು ಒಪ್ಪಿಗೆಯಾಗದಿದ್ದರೆ ಅವರ ವ್ಯಾಪಾರವನ್ನು ಬಹಿಷ್ಕರಿಸುವುದು ಸರಿಯೇ?

ನಾವು ಕೊಟ್ಟ ಹಣ ಕೊನೆಗೆ ಎಲ್ಲಿಗೆ ಸೇರುತ್ತದೆ ಎಂಬುದನ್ನು ನೋಡಿಯೇ ಇದನ್ನು ನಿರ್ಧರಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅಮೆರಿಕದ ಫಾಸ್ಟ್‌ಫುಡ್ ಮಳಿಗೆಗಳ ಸರಪಳಿ ಚಿಕ್-ಫಿಲ್-ಎ ಕ್ರೈಸ್ತ ಶ್ರದ್ಧೆಯಿಂದ ಪ್ರತಿ ಭಾನುವಾರ ಬಾಗಿಲು ಮುಚ್ಚುತ್ತದೆ. ಇದಕ್ಕೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ 2012ರಲ್ಲಿ ಅದರ ಅಧ್ಯಕ್ಷ ಡ್ಯಾನ್ ಕ್ಯಾಥಿ ಸಲಿಂಗ ವಿವಾಹವನ್ನು ಬಹಿರಂಗವಾಗಿ ವಿರೋಧಿಸಿದಾಗ, ಕಂಪನಿಗೆ ಸೇರಿದ ಪ್ರತಿಷ್ಠಾನದ ದೇಣಿಗೆ ಅಂಥ ವಿವಾಹವನ್ನು ವಿರೋಧಿಸುವ ಸಂಘಟನೆಗಳಿಗೆ ಸಂದಾಯವಾಗುತ್ತಿದ್ದ ಸಂಗತಿಯೂ ಮುನ್ನೆಲೆಗೆ ಬಂದು, ಬಹಿಷ್ಕಾರಕ್ಕೆ ಗಟ್ಟಿಯಾದ ಆಧಾರ ದೊರೆಯಿತು. ಪ್ರತಿಯಾಗಿ, ರಾಜಕಾರಣಿ ಮೈಕ್ ಹಕಬೀ ಅವರ ಕರೆಗೆ ಓಗೊಟ್ಟ ಬೆಂಬಲಿಗರು ಆಗಸ್ಟ್ 1ರಂದು ಅದೇ ಮಳಿಗೆಗಳ ಮುಂದೆ ಸಾಲುಗಟ್ಟಿ ನಿಂತರು. ಮಳಿಗೆಗಳನ್ನು ನಡೆಸುವವರು ಸ್ಥಳೀಯ ನಿರ್ವಾಹಕರಾದ್ದರಿಂದ, ಆ ನಿಲುವಿಗೆ ಸಂಬಂಧವಿಲ್ಲದ ನೌಕರರಿಗೂ ಬಿಸಿ ತಟ್ಟುತ್ತದೆ ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ 2019ರಲ್ಲಿ ಕಂಪನಿಯ ಪ್ರತಿಷ್ಠಾನವು ಟೀಕೆಗೆ ಗುರಿಯಾಗಿದ್ದ ಕೆಲವು ಸಂಸ್ಥೆಗಳಿಗೆ ದೇಣಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು.