ಅಪ್ಪ ಬೇಡ ಅನ್ನಬಹುದಾ?

ಮಗುವಿಗೆ ಲಿವರ್ ಕಸಿ ಆಗಬೇಕು, ಮನೆಯವರೇ ಒಬ್ಬರು ತಮ್ಮ ಲಿವರ್‌ನ ಒಂದು ಭಾಗ ಕೊಡಬೇಕು ಅಂದ ತಕ್ಷಣ ಎಲ್ಲರೂ ಮಗುವಿನ ಬಗ್ಗೆ ಮಾತಾಡುತ್ತಾರೆ, ದುಡ್ಡಿನ ಬಗ್ಗೆ ಮಾತಾಡುತ್ತಾರೆ. ಕೊಡುವವರನ್ನು ಕೂರಿಸಿಕೊಂಡು "ನಿನಗೆ ಹೇಗನ್ನಿಸ್ತಿದೆ?" ಅಂತ ಕೇಳುವವರು ಕಡಿಮೆ. ದಾವಣಗೆರೆಯಲ್ಲಿ ಸಲಹೆ ಕೇಳಲು ನನ್ನ ಹತ್ತಿರ ಬರುವ ಕುಟುಂಬಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಕೊಟ್ಟ ಸಲಹೆ ತಪ್ಪು ಅಂತ ಬೈದವರೂ ಇದ್ದಾರೆ, ಅವರಿಗೂ ಉತ್ತರ ಕೊಡಬೇಕಿದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಜಗಳೂರು ಕಡೆಯ ಕುಟುಂಬ. ಎಂಟು ತಿಂಗಳ ಹೆಣ್ಣು ಮಗು. ಹುಟ್ಟಿನಿಂದಲೇ ಬಿಲಿಯರಿ ಅಟ್ರೀಸಿಯಾ, ಅಂದರೆ ಲಿವರ್‌ನಿಂದ ಪಿತ್ತ ಹೊರಗೆ ಹೋಗುವ ನಾಳಗಳು ಮುಚ್ಚಿಹೋಗಿರುವ ಕಾಯಿಲೆ. ಮಕ್ಕಳಿಗೆ ಲಿವರ್ ಕಸಿ ಬೇಕಾಗುವುದು ಜಾಸ್ತಿ ಇದರಿಂದಲೇ. ಬೇಗ ಗೊತ್ತಾದರೆ ಕಸಾಯ್ (Kasai) ಅನ್ನುವ ಆಪರೇಷನ್ ಮಾಡಿ ಕರುಳನ್ನೇ ಲಿವರ್‌ಗೆ ಜೋಡಿಸುತ್ತಾರೆ. ಅದು ಮಗುವಿಗೆ 60 ದಿನ ತುಂಬುವುದರೊಳಗೆ ಆದರೆ ಒಳ್ಳೆಯದು. ಈ ಮಗುವಿಗೆ ಕಾಮಾಲೆ ಅಂತ ಮೂರು ತಿಂಗಳು ಸೊಪ್ಪಿನ ಔಷಧಿ ಕುಡಿಸಿದ್ದರು. (ಇಲ್ಲೊಂದು ಮಾತು ಹೇಳಿಬಿಡುತ್ತೇನೆ: ಹುಟ್ಟಿ ಎರಡು ವಾರ ಕಳೆದ ಮೇಲೂ ಮಗುವಿನ ಕಣ್ಣು ಹಳದಿ ಇದ್ದರೆ, ಮಲ ಬಿಳಿಚಿಕೊಂಡಿದ್ದರೆ, ಉಚ್ಚೆ ಬಟ್ಟೆಗೆ ಹಳದಿ ಕಲೆ ಮಾಡುತ್ತಿದ್ದರೆ, ಯಾರ ಮಾತೂ ಕೇಳಬೇಡಿ, ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.) ಬೆಂಗಳೂರಿನ ಡಾಕ್ಟರು ನೋಡಿ, ಇನ್ನು ಕಸಿ ಒಂದೇ ದಾರಿ ಅಂದಿದ್ದರು.

ಮಗುವಿನ ರಕ್ತದ ಗುಂಪು ಓ. ತಾಯಿಯದು ಬಿ. ತಂದೆಯದು ಓ. ಗುಂಪು ಹೊಂದದಿದ್ದರೂ ಚಿಕ್ಕ ಮಕ್ಕಳಿಗೆ ಕೆಲವು ಕಡೆ ಮಾಡುತ್ತಾರೆ, ಆದರೆ ಮನೆಯಲ್ಲಿ ಹೊಂದುವವರು ಇದ್ದಾಗ ಮೊದಲು ಅವರನ್ನೇ ನೋಡುತ್ತಾರೆ. ಹಾಗಾಗಿ ಎಲ್ಲರ ಕಣ್ಣು ತಂದೆಯ ಮೇಲೆ ಬಿತ್ತು. ಇಪ್ಪತ್ತೆಂಟರ ಹುಡುಗ, ಎಪಿಎಂಸಿಯಲ್ಲಿ ಹಮಾಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಬಿಡುವಿಲ್ಲದ ಕೆಲಸ.

ಮೊದಲ ಸಲ ಎಲ್ಲರೂ ಒಟ್ಟಿಗೆ ಬಂದಿದ್ದರು. ಅವನು ಒಂದು ಮಾತೂ ಆಡಲಿಲ್ಲ. ಹೆಂಡತಿ ಅಳುತ್ತಾ, "ನನ್ನ ಗುಂಪು ಹೊಂದಿದ್ರೆ ಇವರನ್ನ ಕೇಳ್ತಾನೇ ಇರಲಿಲ್ಲ ಮೇಡಂ" ಅಂದಳು. ಅವನ ತಾಯಿ ಒಂದೇ ಮಾತು: "ಇರೋನೊಬ್ಬ ಮಗ. ಅವನ್ನ ಕೊಯ್ಯೋಕೆ ನಾನು ಬಿಡಲ್ಲ." ಈ ಮಾತಿಗೆ ಸೊಸೆಯ ತವರಿನವರು ಕೂಗಾಡಿದರು. ಆ ತಾಯಿಯನ್ನು ಕೆಟ್ಟವಳು ಅಂತ ನಾನು ಅಂದುಕೊಳ್ಳಲಿಲ್ಲ. ಸೊಸೆ ಮಗಳಿಗಾಗಿ ಅಳುತ್ತಿದ್ದಳು, ಈಕೆ ಮಗನಿಗಾಗಿ. ಇಬ್ಬರದೂ ತಾಯಿಯ ಕರುಳೇ ಅಲ್ವಾ?

ಮುಂದಿನ ಸಲ ಒಬ್ಬನೇ ಬಾ ಅಂದೆ. ಬಂದ. ಬಾಗಿಲು ಹಾಕಿದ ಮೇಲೂ ತುಂಬ ಹೊತ್ತು ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಆಮೇಲೆ ನೆಲ ನೋಡಿಕೊಂಡೇ ಕೇಳಿದ:

"ಮೇಡಂ, ನಾನು ಬೇಡ ಅಂದ್ರೆ ನನ್ನ ಹೆಂಡ್ತಿಗೆ ಗೊತ್ತಾಗ್ತದಾ?"

ಈ ಪ್ರಶ್ನೆ ಕೇಳಿದ ತಕ್ಷಣ "ಎಂಥಾ ಅಪ್ಪ ಇವನು" ಅನ್ನಿಸುವುದು ಸುಲಭ. ಆದರೆ ಬೇಡ ಅನ್ನಬೇಕು ಅಂತ ಗಟ್ಟಿ ಮಾಡಿಕೊಂಡವನು ಈ ಪ್ರಶ್ನೆ ಕೇಳುವುದಿಲ್ಲ, ಆಪರೇಷನ್ ದಿನ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಎಲ್ಲಿಗೋ ಹೋಗಿಬಿಡುತ್ತಾನೆ. ಕೇಳುತ್ತಿದ್ದಾನೆ ಅಂದರೆ ಯೋಚನೆ ಮಾಡಲು ಅವನಿಗೊಂದು ಜಾಗ ಬೇಕಾಗಿದೆ.

ನಾನು ಹೇಳಿದ್ದು ಇಷ್ಟು. ಬೇಡ ಅನ್ನುವ ಹಕ್ಕು ನಿನಗಿದೆ. ಅಂಗಾಂಗ ಕಸಿಗೆ 1994ರ ಕಾನೂನು ಇದೆ. ಅದರ ಪ್ರಕಾರ ನೀನು ಒಪ್ಪಿಗೆಗೆ ಸಹಿ ಹಾಕಿದ ಮೇಲೂ ಆಪರೇಷನ್ ಆಗುವವರೆಗೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ದಾನಿಯ ಜೊತೆ ಡಾಕ್ಟರು ಒಂಟಿಯಾಗಿ ಮಾತಾಡುತ್ತಾರೆ, ಆಗ ಬೇಡ ಅಂದರೆ ಸಾಕು. ಮನೆಯವರಿಗೆ "ಇವರು ದಾನಿಯಾಗಲು ಸೂಕ್ತವಲ್ಲ" ಅಂತ ಮಾತ್ರ ಹೇಳಿ ಅಂತ ಕೇಳಿಕೋ, ಕಾರಣ ಹೇಳಬೇಕಾಗಿಲ್ಲ. ನನ್ನ ಬಾಯಿಂದಂತೂ ಈ ಕೋಣೆಯ ಮಾತು ಹೊರಗೆ ಹೋಗುವುದಿಲ್ಲ.

ಇದೇ ಸಲಹೆಗೆ ನನ್ನನ್ನು ಬೈದದ್ದು. ಪರಿಚಯದ ಮಕ್ಕಳ ಡಾಕ್ಟರೊಬ್ಬರು ನೇರವಾಗಿಯೇ ಕೇಳಿದರು, "ನೀವು ಅಪ್ಪನ ಪರ ನಿಂತ್ರಿ, ಮಗುವಿನ ಪರ ಯಾರ್ರೀ?" ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾನು ಮಗುವಿನ ಪರವೇ ಇದ್ದೆ. ಹೆದರಿಸಿ ಒಪ್ಪಿಸಿದ ದಾನಿ ಸ್ಕ್ಯಾನಿಂಗು, ರಕ್ತಪರೀಕ್ಷೆ ಎಲ್ಲ ಮುಗಿಸಿಕೊಂಡು ಕೊನೆಗಳಿಗೆಯಲ್ಲಿ ಕೈಕೊಟ್ಟರೆ ವಾರಗಟ್ಟಲೆ ಹಾಳು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿರುವ ಮಗುವಿಗೆ ಅಷ್ಟು ಟೈಮ್ ಇರುವುದಿಲ್ಲ. ಬೇಡ ಅನ್ನುವವನು ಮೊದಲೇ ಬೇಡ ಅಂದರೆ ಇನ್ನೊಬ್ಬರನ್ನು ಹುಡುಕಬಹುದು. 2011ರ ತಿದ್ದುಪಡಿಯ ನಂತರ ಅಜ್ಜ ಅಜ್ಜಿಯೂ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿದ್ದಾರೆ. ಸೋದರಮಾವ, ಚಿಕ್ಕಮ್ಮ ಕೊಡಬೇಕಾದರೆ ಅನುಮತಿ ಕೊಡುವ ಸಮಿತಿಯ ಮುಂದೆ ಹೋಗಬೇಕು, ಅದಕ್ಕೂ ದಿನ ಹಿಡಿಯುತ್ತದೆ. ತೀರಿಕೊಂಡವರ ಲಿವರ್‌ಗೆ ಜೀವಸಾರ್ಥಕತೆಯಲ್ಲಿ (ತೀರಿಕೊಂಡವರ ಅಂಗಾಂಗ ಹಂಚುವ ನಮ್ಮ ರಾಜ್ಯದ ಸಂಸ್ಥೆ) ಹೆಸರು ಬರೆಸಬಹುದು, ಆದರೆ ಇಷ್ಟು ಚಿಕ್ಕ ಮಗುವಿಗೆ ಹೊಂದುವಂಥದ್ದು ಸಿಗುವುದು ಅಪರೂಪ. ಇದೆಲ್ಲಕ್ಕೂ ಬೇಕಾಗಿರುವುದು ಟೈಮು.

ಇನ್ನು "ಸೂಕ್ತವಲ್ಲ" ಅನ್ನುವುದು ಸುಳ್ಳಲ್ವಾ ಅಂತಾರೆ. ಮನಸ್ಸಿಲ್ಲದವನು ದಾನಿಯಾಗಲು ಸೂಕ್ತನಲ್ಲ. ಇದರಲ್ಲಿ ನನಗೆ ಸುಳ್ಳು ಕಾಣುವುದಿಲ್ಲ.

ಸರಿ, ಅವನ ವಿಷಯಕ್ಕೆ ಬರುತ್ತೇನೆ. ಹೆಂಡತಿಗೆ ಗೊತ್ತಾಗಬೇಕಿಲ್ಲ ಅಂತ ತಿಳಿದ ಮೇಲೆ ಅವನ ಮಾತು ಶುರುವಾಯಿತು, ಒಂದೇ ಸಮನೆ. ಸಾಯುವ ಭಯ ಇತ್ತು, ಆದರೆ ಅದು ದೊಡ್ಡದಾಗಿರಲಿಲ್ಲ. ದೊಡ್ಡದಿದ್ದದ್ದು ಇದು: "ಕೊಯ್ದ ಮೇಲೆ ನಾನು ಮೂಟೆ ಹೊರ್ತೀನಾ ಮೇಡಂ? ನನಗೆ ಬರೋದು ಅದೊಂದೇ ಕೆಲಸ. ಮಗು ಉಳೀತದೆ, ಆಮೇಲೆ ಅದಕ್ಕೆ ಏನ್ ತಿನ್ನಿಸ್ಲಿ? ಸಂಘದ ಸಾಲ ಐತಿ. ಆಸ್ಪತ್ರೆ ಖರ್ಚಿಗೆ ಎಲ್ರೂ ಓಡಾಡ್ತಾರೆ, ನನ್ನ ಕೂಲಿ ಯಾರು ಕೊಡ್ತಾರೆ?"

ಇದು ಹೇಡಿಯ ಮಾತಾ? ಮನೆ ನಡೆಸುವವನ ಲೆಕ್ಕಾಚಾರ. ಇದನ್ನು ಆಸ್ಪತ್ರೆಯಲ್ಲಿ ಯಾಕೆ ಕೇಳಲಿಲ್ಲ ಅಂದೆ. "ಮಗು ಸಾಯ್ತಾ ಇರುವಾಗ ಕೂಲಿ ಬಗ್ಗೆ ಕೇಳಿದ್ರೆ ಏನಂದ್ಕೊಳ್ತಾರೆ?" ಅಂದ.

ಆಗ ನನಗೆ ಗೊತ್ತಿದ್ದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಇಷ್ಟು ಚಿಕ್ಕ ಮಗುವಿಗೆ ಸಾಮಾನ್ಯವಾಗಿ ತೆಗೆಯುವುದು ಲಿವರ್‌ನ ಎಡಬದಿಯ ತುಂಡು, ಒಟ್ಟು ಲಿವರ್‌ನ ಕಾಲು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ. ದೊಡ್ಡವರಿಗೆ ಕೊಡುವಾಗ ಅರ್ಧಕ್ಕಿಂತ ಜಾಸ್ತಿ ಇರುವ ಬಲಭಾಗ ತೆಗೆಯಬೇಕಾಗುತ್ತದೆ, ಅದಕ್ಕೆ ಹೋಲಿಸಿದರೆ ಇದರಲ್ಲಿ ಅಪಾಯ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ದಾನಿಯ ಜೀವಕ್ಕೆ ಅಪಾಯ ಸಾವಿರಕ್ಕೆ ಒಂದರ ಆಸುಪಾಸು ಅನ್ನುತ್ತಾರೆ. ಪಿತ್ತ ಸೋರುವುದು, ಸೋಂಕು, ಗಾಯದ ಜಾಗದಲ್ಲಿ ಹರ್ನಿಯಾ, ಇವೂ ಆಗಬಹುದು. ಉಳಿದ ಲಿವರ್ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಬೆಳೆದುಕೊಳ್ಳುತ್ತದೆ. ಎಲ್ಲ ಸರಿಯಾದರೆ ಒಂದು ವಾರದ ಹೊತ್ತಿಗೆ ದಾನಿಯನ್ನು ಮನೆಗೆ ಕಳಿಸುತ್ತಾರೆ. ಭಾರ ಎತ್ತುವ ಕೆಲಸಕ್ಕೆ ಮಾತ್ರ ಸುಮಾರು ಮೂರು ತಿಂಗಳು ಹೋಗಬಾರದು, ನಿನ್ನಂಥ ಕೆಲಸಕ್ಕೆ ಎಷ್ಟು ದಿನ ಅಂತ ಸರ್ಜನ್ನನ್ನೇ ಕೇಳು ಅಂದೆ.

ಅವನು ತಲೆ ಎತ್ತಿದ್ದು ಆಗ. "ಮೂರು ತಿಂಗಳಾ? ಪೂರ್ತಿ ಅಲ್ವಾ?"

ಇಷ್ಟು ದಿನ ಅವನು ಇಡೀ ಬದುಕಿನ ಕೂಲಿ ಹೋಯಿತು ಅಂತ ಒಳಗೇ ಲೆಕ್ಕ ಹಾಕುತ್ತಾ ಕೂತಿದ್ದ.

ಒಂದು ವಿಷಯ ಬೇಕಂತಲೇ ಆಗ ಹೇಳಲಿಲ್ಲ. ನಮ್ಮ ದೇಶದಲ್ಲಿ ಮಗುವೊಂದಕ್ಕೆ ಮೊದಲ ಸಲ ಲಿವರ್ ಕಸಿ ಯಶಸ್ವಿಯಾಗಿದ್ದು 1998ರಲ್ಲಿ, ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ. ಕಾಂಚೀಪುರಂನ ಸಂಜಯ್ ಕಂದಸಾಮಿ ಆಗ ಎರಡು ವರ್ಷ ತುಂಬದ ಕೂಸು, ಅವರಿಗಿದ್ದದ್ದೂ ಇದೇ ಬಿಲಿಯರಿ ಅಟ್ರೀಸಿಯಾ, ಲಿವರ್ ಕೊಟ್ಟದ್ದು ಅಪ್ಪ. ಆ ಮಗು ಬೆಳೆದು ಡಾಕ್ಟರೇ ಆದರು. ಒಳ್ಳೆಯ ಸುದ್ದಿ. ಆದರೆ ಇನ್ನೂ ತೀರ್ಮಾನ ಮಾಡದ ಅಪ್ಪನ ಮುಂದೆ ಇದನ್ನು ಹೇಳಿದರೆ ಅದೂ ಒತ್ತಡವೇ. "ನೋಡು, ಆ ಅಪ್ಪ ಕೊಟ್ಟ" ಅಂತ ಕುತ್ತಿಗೆ ಹಿಡಿದಂತೆ. ಅವನು ತೀರ್ಮಾನ ಮಾಡಿದ ಮೇಲೆ ಹೇಳಿದೆ.

ಒಂದು ವಾರ ತೆಗೆದುಕೋ ಅಂತ ಕಳಿಸಿದೆ. ಯಾವ ಕಡೆಗೂ ತಳ್ಳಲಿಲ್ಲ. ಅಷ್ಟರೊಳಗೆ ಅವನ ತಾಯಿಯ ರಕ್ತದ ಗುಂಪನ್ನೂ ನೋಡಿಸಿರಿ ಅಂತ ಹೆಂಡತಿಯ ಅಣ್ಣನಿಗೆ ಹೇಳಿದೆ, ಒಬ್ಬನ ಮೇಲೇ ಎಲ್ಲ ಭಾರ ಬೀಳಬಾರದು ಅಂತ. ವಾರದ ಮೇಲೆ ಹೆಂಡತಿಯ ಜೊತೆ ಬಂದ. ನನಗೆ ಹೇಳಿದ್ದನ್ನೆಲ್ಲ ಅವಳಿಗೂ ತಾನೇ ಹೇಳಿಬಿಟ್ಟಿದ್ದ. "ಭಯ ಐತಿ ಅಂತ ಮೊದಲೇ ಹೇಳಬಾರದಿತ್ತಾ, ನಾನು ಮನಸ್ಸೇ ಇಲ್ಲ ಅಂದ್ಕೊಂಡಿದ್ದೆ" ಅಂತ ಅವಳು ಅವನನ್ನೇ ಬೈಯುತ್ತಿದ್ದಳು. ಮೂರು ತಿಂಗಳ ರೇಷನ್ನು, ಸಂಘದ ಕಂತು ಅವಳ ಅಣ್ಣ ನೋಡಿಕೊಳ್ಳುತ್ತೇನೆ ಅಂದಿದ್ದರು. ಅವನ ತಾಯಿ ಆಮೇಲೂ ಒಪ್ಪಲಿಲ್ಲ, ಬೆಂಗಳೂರಿಗೂ ಹೋಗಲಿಲ್ಲ. ಅವನು ಕೊಟ್ಟ. ಮಗು ಈಗ ನಡೆಯುತ್ತದೆ. ಹೊಸ ಲಿವರನ್ನು ದೇಹ ಹೊರಗಿನದ್ದು ಅಂತ ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್ ಔಷಧಿ ದಿನಾ ಟೈಮಿಗೆ ಸರಿಯಾಗಿ ಕೊಡಬೇಕು, ಅದು ಬಹುಶಃ ಜೀವನಪೂರ್ತಿ. ಆಗಾಗ ರಕ್ತಪರೀಕ್ಷೆಯೂ ಇದೆ.

ಅವನು ಬೇಡ ಅಂದಿದ್ದರೂ ನನ್ನ ಸಲಹೆ ಇದೇ ಆಗಿರುತ್ತಿತ್ತು. ಕೊಟ್ಟ ಅನ್ನುವ ಕಾರಣಕ್ಕೆ ಸಲಹೆ ಸರಿಯಾಗಿತ್ತು ಅಂತ ನಾನು ವಾದ ಮಾಡುವುದಿಲ್ಲ.

ಇನ್ನು ಹೆಂಗಸರ ವಿಷಯ. ಇಲ್ಲಿ ತಂದೆ ಇದ್ದುದರಿಂದ ಕನಿಷ್ಠ ಜಗಳವಾದರೂ ಆಯಿತು. ತಾಯಿಯ ಗುಂಪು ಹೊಂದಿದರೆ ಜಗಳವೂ ಇರುವುದಿಲ್ಲ. "ತಾಯಿ ಅಲ್ವಾ, ಕೊಡ್ತಾಳೆ" ಅಂತ ಅವಳ ಪರವಾಗಿ ಎಲ್ಲರೂ ಒಪ್ಪಿಬಿಡುತ್ತಾರೆ. ಅವಳಿಗೂ ಭಯ ಇರುತ್ತದೆ, ಇನ್ನೊಂದು ಚಿಕ್ಕ ಮಗು ಇರಬಹುದು, ಮೈಯಲ್ಲಿ ರಕ್ತ ಕಡಿಮೆ ಇರಬಹುದು. ಕಸಿ ಕಾನೂನಿನ 2014ರ ನಿಯಮಗಳಲ್ಲಿ ಇದಕ್ಕೇ ಒಂದು ಮಾತು ಇದೆ: ದಾನಿ ಹೆಂಗಸಾಗಿದ್ದರೆ ಹೆಚ್ಚು ಎಚ್ಚರ ವಹಿಸಬೇಕು, ಅವಳ ಸ್ವಂತ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರು ಖಚಿತ ಮಾಡಿಕೊಳ್ಳಬೇಕು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥದ್ದು ಬಂದರೆ, ಆಸ್ಪತ್ರೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಕೋ-ಆರ್ಡಿನೇಟರ್ ಅಂತ ಒಬ್ಬರು ಇರುತ್ತಾರೆ, ಅವರನ್ನು ಹುಡುಕಿ. ಡಾಕ್ಟರು ದಾನಿಯ ಜೊತೆ ಒಂಟಿಯಾಗಿ ಮಾತಾಡಬೇಕು ಅಂತ ಕೇಳಿ. ದಾನಿಯ ಪ್ರಶ್ನೆಗಳನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೂಲಿಯ ಪ್ರಶ್ನೆಯನ್ನೂ ಸೇರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅಂಗಾಂಗ ಕಸಿ ಯೋಜನೆ ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಮೊದಲೇ ವಿಚಾರಿಸಿ. ಆಪರೇಷನ್ನಿಗೆ ದುಡ್ಡು ಎತ್ತುವಾಗ ದಾನಿಯ ಮೂರು ತಿಂಗಳ ಸಂಬಳವನ್ನೂ ಆ ಲೆಕ್ಕದಲ್ಲೇ ಬರೆಯಿರಿ.