ಕೆಮ್ಮಿದರೆ ಮೂತ್ರ ಸೋರುತ್ತದೆ, ಅಮ್ಮನಿಗೆ ಆಪರೇಷನ್ ಬೇಕಾ?

ಉಡುಪಿಯಲ್ಲಿರುವ ನಿಮ್ಮಮ್ಮನಿಗೆ ಸೀನಿದರೆ, ಬಾವಿಯಿಂದ ಕೊಡಪಾನ ಎತ್ತಿದರೆ ಸೋರುತ್ತದೆ ಅಂದಿದ್ದೀರಿ. ಕೂಡಲೇ ಆಪರೇಷನ್ ಬೇಡ. ಮೊದಲು 3 ತಿಂಗಳು ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಮಾಡಲಿ, ಸುಮ್ನೆ ವಿಡಿಯೋ ನೋಡಿ ಅಲ್ಲ, ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು. ತುಂಬಾ ಜನರಿಗೆ ಅಷ್ಟೇ ಸಾಕಾಗುತ್ತದೆ.

ಆಗಲಿಲ್ಲ ಅಂದರೆ ಸಾಮಾನ್ಯವಾಗಿ ಮಾಡುವುದು ಸ್ಲಿಂಗ್. ಮೂತ್ರನಾಳದ ನಡುಭಾಗದ ಕೆಳಗೆ ಸುಮಾರು 1 ಸೆಂ.ಮೀ. ಅಗಲದ ಬಲೆಯಂಥ ಪಟ್ಟಿ ಇಡುತ್ತಾರೆ, ಬಿಗಿಯಾಗಿ ಎಳೆದು ಕಟ್ಟುವುದಲ್ಲ, ಸಡಿಲವಾಗಿ. ಕೆಮ್ಮಿದಾಗ ನಾಳ ಅದಕ್ಕೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಪಟ್ಟಿಯ ತುದಿಗಳು ಹೊಟ್ಟೆಯ ಕೆಳಭಾಗಕ್ಕೆ ಬಂದರೆ ಟಿವಿಟಿ, ತೊಡೆಸಂದಿಗೆ ಬಂದರೆ ಟಿಒಟಿ. ಟಿಒಟಿಯಲ್ಲಿ ಮೂತ್ರಕೋಶಕ್ಕೆ ಚುಚ್ಚುವ ಭಯ ಕಡಿಮೆ, ತೊಡೆಸಂದಿ ನೋವು ಜಾಸ್ತಿ.

ಪಟ್ಟಿ ಪ್ಲಾಸ್ಟಿಕ್‌ನದ್ದು. ಕೆಲವರಿಗೆ ಅದು ಯೋನಿಯ ಗೋಡೆ ಸವೆಸಿ ಹೊರಬರುತ್ತದೆ, ನೋವು ಉಳಿಯುತ್ತದೆ, ತೆಗೆಯುವುದು ಸುಲಭವಲ್ಲ. ಇಂಗ್ಲೆಂಡ್ 2018ರಲ್ಲಿ ಇದನ್ನು ತಡೆಹಿಡಿದದ್ದು ಇದಕ್ಕೇ. ಬೇಡ ಅನಿಸಿದರೆ ಹೊಟ್ಟೆಯ ಸ್ವಂತ ಪೊರೆಯಿಂದಲೇ ಸ್ಲಿಂಗ್ ಮಾಡಿಸಬಹುದು, ಅಥವಾ ಹೊಲಿಗೆ ಹಾಕಿ ಮೂತ್ರಕೋಶದ ಬಾಯಿಯನ್ನು ಮೇಲೆತ್ತುವ ಬರ್ಚ್ ಆಪರೇಷನ್. ಗಾಯ ದೊಡ್ಡದು, ಆದರೆ ಬಲೆ ಇಲ್ಲ.

ಒಂದು ವಿಷಯ ಡಾಕ್ಟರ್‌ಗೆ ಹೇಳಲೇಬೇಕು. ಬಚ್ಚಲಿಗೆ ಓಡುವಷ್ಟರಲ್ಲೇ ಹೋಗಿಬಿಡುತ್ತದಾ? ಅದು ಬೇರೆ ತೊಂದರೆ, ಸ್ಲಿಂಗ್ ಅದಕ್ಕಲ್ಲ. ನಮ್ಮಲ್ಲಿ ಹೆಂಗಸರು ನಾಚಿಕೆಯಿಂದ ಮಂಗಳೂರಿಗೆ ಬಸ್ಸು ಹತ್ತುವಾಗ ನೀರೇ ಕುಡಿಯುವುದಿಲ್ಲ, ಇದನ್ನು ಎಲ್ಲಿ ಹೇಳುತ್ತಾರೆ, ಅಲ್ವಾ? ಆಪರೇಷನ್ ಆದಮೇಲೆ ಸುಮಾರು 6 ವಾರ ಕೊಡಪಾನ ನೀವೇ ಎತ್ತಿ.