ಸಿಮೆಂಟ್ ಶೀಟಿನ ಮಾಡು: ಉಜ್ಜಬೇಡಿ, ಕೊಯ್ಯಬೇಡಿ

ಪ್ರಶ್ನೆ: ನಮ್ಮ ಹಟ್ಟಿಗೂ ಹಿಂಬದಿಯ ಅಡುಗೆಕೋಣೆಗೂ 25 ವರ್ಷ ಹಳೆಯ ಸಿಮೆಂಟ್ ಶೀಟ್ ಇದೆ. ಪ್ರತಿ ಮೇ ತಿಂಗಳಲ್ಲಿ ತಂತಿ ಬ್ರಷ್ಷಿನಿಂದ ಹಾವಸೆ ಉಜ್ಜುತ್ತೇವೆ. ಈ ಸಲ ತೆಂಗಿನಕಾಯಿ ಬಿದ್ದು ಒಂದು ಶೀಟ್ ಒಡೆದಿದೆ. ಇದು ಕಲ್ನಾರು, ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ ಮಗಳು ಹೆದರಿದ್ದಾಳೆ. ಇಡೀ ಮಾಡನ್ನೇ ಬಿಚ್ಚಿಸಬೇಕೇ?
– ಓದುಗರು, ಬ್ರಹ್ಮಾವರ

ಉತ್ತರ: ಮಗಳ ಆತಂಕ ಸುಳ್ಳಲ್ಲ. 25 ವರ್ಷ ಹಳೆಯ ಸುಕ್ಕು ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆ ಎಂದೇ ತಿಳಿದು ಕೆಲಸ ಮಾಡಿ. ಕಣ್ಣಿನಿಂದ ನೋಡಿ ಖಚಿತವಾಗಿ ಹೇಳಲಾಗದು, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಇಡೀ ಮಾಡನ್ನು ಅವಸರದಲ್ಲಿ ಬಿಚ್ಚಿಸುವುದು ಬೇಡ. ಬಿರುಕಿಲ್ಲದ ಶೀಟಿನಲ್ಲಿ ನಾರನ್ನು ಸಿಮೆಂಟ್ ಹಿಡಿದುಕೊಂಡಿರುತ್ತದೆ. ಅದರ ಅಡಿಯಲ್ಲಿ ಮಲಗಿದರೂ ಉಂಡರೂ ಆಗುವ ಅಪಾಯ ತೀರಾ ಕಡಿಮೆ. ನಿಜವಾದ ಅಪಾಯ ಇರುವುದು ನಿಮ್ಮ ತಂತಿ ಬ್ರಷ್ಷಿನಲ್ಲಿ.

ಕರಾವಳಿಯ ಮಳೆ ವರ್ಷದಿಂದ ವರ್ಷಕ್ಕೆ ಮೇಲ್ಪದರದ ಸುಣ್ಣದಂಶವನ್ನು ತೊಳೆಯುತ್ತಾ ಹೋಗುತ್ತದೆ. ಆಗ ಮೇಲ್ಮೈ ಒರಟಾಗಿ, ನಾರು ಹೊರಗೆ ಕಾಣಿಸಿಕೊಳ್ಳುತ್ತದೆ. ಒಡೆದ ಅಂಚನ್ನು ಬಿಸಿಲಿಗೆ ಓರೆಯಾಗಿ ಹಿಡಿದ ಹಾಗೆ ನೋಡಿದರೆ ಬಿಳಿಬೂದು ಬಣ್ಣದ ಎಳೆಗಳು ಕಾಣಬಹುದು (ಕೈಯಿಂದ ಕೀಳಬೇಡಿ). ಒಣಗಿದ ಹಾವಸೆ ಉಜ್ಜಿದಾಗ ಈ ಎಳೆಗಳು ಸೀಳಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಳಿಗೆ ಸೇರುತ್ತವೆ. ಶ್ವಾಸಕೋಶದ ಆಳಕ್ಕಿಳಿದ ನಾರು ಕರಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್ ಆದ ಮೀಸೋಥೀಲಿಯೋಮಾ ಇವೆಲ್ಲ ಸಾಮಾನ್ಯವಾಗಿ 20–40 ವರ್ಷ ಕಳೆದ ಮೇಲೆ ತಲೆಯೆತ್ತುತ್ತವೆ. ಉಜ್ಜಿದ ದಿನ ಕೆಮ್ಮೂ ಬರುವುದಿಲ್ಲ, ಹಾಗಾಗಿಯೇ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹಾವಸೆ ಹಾಗೇ ಇರಲಿ, ಅದರಿಂದ ಮಾಡು ಸೋರುವುದಿಲ್ಲ. ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ. ಅದು ಮೇಲ್ಪದರವನ್ನೇ ಕಿತ್ತು ಅಂಗಳಕ್ಕೆಲ್ಲ ಎರಚುತ್ತದೆ. ಅಡುಗೆಕೋಣೆಯ ಒಳಬದಿಗೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ಎರಡು ಕೋಟ್ ಅಕ್ರಿಲಿಕ್ ಪೇಂಟ್ ಕೊಡಿ.

ಒಡೆದ ಶೀಟನ್ನು ಮಾತ್ರ ಬದಲಿಸಿ. ಗಾಳಿಯಿಲ್ಲದ ದಿನ ನೋಡಿಕೊಳ್ಳಿ, ಮಕ್ಕಳನ್ನು ದೂರ ಕಳುಹಿಸಿ, ಕಿಟಕಿ ಮುಚ್ಚಿ, ಪಾತ್ರೆಪಗಡ ಹೊರಗಿಡಿ. ಶೀಟಿನ ಮೇಲೆ ಕಾಲಿಡಬಾರದು, ಹಳೆಯದು ಏಕಾಏಕಿ ಮುರಿಯುತ್ತದೆ. ಏಣಿಯಿಂದಲೇ ಮುಗಿಸಿ, ಆಗದಿದ್ದರೆ ಅಡಿಯ ಎರಡು ಪೈಪುಗಳ ಮೇಲೆ ಭಾರ ಬೀಳುವಷ್ಟು ಉದ್ದದ ಹಲಗೆ ಹಾಸಿ. 10 ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿ, ಔಷಧಿ ಹೊಡೆಯುವ ಹೊಸ ಸ್ಪ್ರೇಯರಿನಲ್ಲಿ ಎರಡೂ ಬದಿ ನೆನೆಸಿ. ಸೋಪು ಹಾಕಿದರೆ ನೀರು ಜಾರಿಹೋಗದೆ ನಾರಿನೊಳಗೆ ಇಳಿಯುತ್ತದೆ. ಶೀಟನ್ನು ಪೈಪಿಗೆ ಬಿಗಿಯುವ ಜೆ ಬೋಲ್ಟಿನ ನಟ್ಟು ತುಕ್ಕು ಹಿಡಿದಿದ್ದರೆ ಬೋಲ್ಟ್ ಕಟ್ಟರಿನಲ್ಲಿ ಕತ್ತರಿಸಿ. ಗ್ರೈಂಡರ್ ಮುಟ್ಟಬೇಡಿ. ಒಂದು ಶೀಟನ್ನು ಗ್ರೈಂಡರಿನಲ್ಲಿ ಕೊಯ್ದರೆ ಏಳುವ ದೂಳು, ಅದೇ ಶೀಟ್ ವರ್ಷಗಟ್ಟಲೆ ಮಾಡಿನ ಮೇಲಿದ್ದರೂ ಏಳದು. ಇಬ್ಬರು ಹಿಡಿದು ಇಳಿಸಿ, ಎತ್ತರದಿಂದ ಎಸೆಯಬೇಡಿ.

ಮೂಗಿಗೆ ಕಟ್ಟುವ ಬೈರಾಸು, ಸರ್ಜಿಕಲ್ ಮಾಸ್ಕ್ ಪ್ರಯೋಜನಕ್ಕಿಲ್ಲ. ಸಣ್ಣ ನಾರನ್ನೂ ತಡೆಯುವ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕ್ ಬೇಕು. ಗಡ್ಡವಿದ್ದರೆ ಅದೂ ಮುಖಕ್ಕೆ ಕೂರುವುದಿಲ್ಲ. ಬಿದ್ದ ಚೂರು, ಪುಡಿಯನ್ನು ಹಿಡಿಸೂಡಿಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಎತ್ತಿ. ಬಟ್ಟೆಯನ್ನೂ ಚೂರಿನ ಜೊತೆಗೇ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ ‘ಆಸ್ಬೆಸ್ಟಾಸ್’ ಎಂದು ಬರೆದು, ಎಲ್ಲಿಗೆ ಕೊಡಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ಪಂಚಾಯತಿನ ಒಣಕಸದ ಗಾಡಿಗೆ ಹಾಕಬೇಡಿ. ನಮ್ಮಲ್ಲಿ ಒಡೆದ ಶೀಟನ್ನು ಅಂಗಳದ ಗುಂಡಿಗೆ, ಗೇಟಿನ ದಾರಿಗೆ ತುಂಬಿಸುವ ರೂಢಿಯಿದೆ. ರಿಕ್ಷಾ, ಬೈಕ್ ಓಡಿದಷ್ಟೂ ಅದು ಪುಡಿಯಾಗುತ್ತದೆ, ಮಕ್ಕಳು ಆಡುವುದು ಅಲ್ಲೇ. ದಯವಿಟ್ಟು ಇದನ್ನು ನಿಲ್ಲಿಸಿ.

ಹೊಸದು ಕೊಳ್ಳುವಾಗ ‘ಸಿಮೆಂಟ್ ಶೀಟ್’ ಎಂದಷ್ಟೇ ಕೇಳಬೇಡಿ. ಆಸ್ಬೆಸ್ಟಾಸ್ ಶೀಟಿಗೆ ಈ ದೇಶದಲ್ಲಿ ಇನ್ನೂ ನಿಷೇಧವಿಲ್ಲ. ಶೀಟಿನ ಮೇಲೆ ಐಎಸ್ 459 ಎಂದಿದ್ದರೆ ಅದು ಆಸ್ಬೆಸ್ಟಾಸ್ ಶೀಟಿನ ಭಾರತೀಯ ಮಾನದಂಡ. ಬಣ್ಣ ಬಳಿದ ತಗಡು ಅಥವಾ ಹಂಚು ಆರಿಸಿ.

ಪ್ರಶ್ನೆ: ಇಂಥ ಮಾಡಿನಿಂದ ಇಳಿಯುವ ಮಳೆನೀರನ್ನು ಬಳಸಬಹುದೇ?
– ಓದುಗರು, ಮೂಡುಬಿದಿರೆ

ಉತ್ತರ: ತೋಟಕ್ಕೆ ಬಳಸಿ. ನುಂಗಿದ ನಾರಿನಿಂದ ಕೇಡು ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ಆದರೂ ಹಳೆಯ ಮಾಡಿನ ನೀರನ್ನು ಕುಡಿಯಲು ನಾವು ಹೇಳುವುದಿಲ್ಲ. ಮಾಡಿನಂಚಿನ ನೀರು ಹರಿಯುವ ದಂಬೆಯಲ್ಲಿ ಕೂತ ಕೆಸರಿನಲ್ಲಿ ನಾರು ಸೇರಿರುತ್ತದೆ. ಅದನ್ನು ಒಣಗಲು ಬಿಡದೆ, ಒದ್ದೆಯಿರುವಾಗಲೇ ತೆಗೆದು ಚೀಲಕ್ಕೆ ತುಂಬಿ.

ಪ್ರಶ್ನೆ: ಹದಿನೈದು ವರ್ಷ ಶೀಟ್ ಕೊಯ್ಯುವ, ಜೋಡಿಸುವ ಕೆಲಸ ಮಾಡಿದ್ದೇನೆ. ಈಗ ಗುಡ್ಡೆ ಹತ್ತಿದರೆ ಏದುಸಿರು. ಬೀಡಿ ಸೇದುತ್ತೇನೆ.
– ಓದುಗರು, ಸುರತ್ಕಲ್

ಉತ್ತರ: ಬೀಡಿಯನ್ನು ಇಂದೇ ಬಿಡಿ. ಧೂಮಪಾನವೂ ಆಸ್ಬೆಸ್ಟಾಸೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಶ್ವಾಸಕೋಶ ತಜ್ಞರಲ್ಲಿಗೆ ಹೋಗಿ, ‘ಉಬ್ಬಸ’ ಎಂದಷ್ಟೇ ಹೇಳಿ ಬರಬೇಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ದಿನಕ್ಕೆ ಎಷ್ಟು ಹೊತ್ತು, ಗ್ರೈಂಡರಿನಲ್ಲಿ ಕೊಯ್ದಿದ್ದೀರೋ ಇಲ್ಲವೋ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ (ಊದಿಸಿ ಉಸಿರಾಟ ಅಳೆಯುವ ಪರೀಕ್ಷೆ), ಅಗತ್ಯಬಿದ್ದರೆ ಸಿಟಿ ಸ್ಕ್ಯಾನ್ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುವುದು ಆ ವಿವರದ ಮೇಲೆಯೇ.